ಕಣ್ಣೂ ಕಾಣದ, ಕಿವಿಯೂ ಕೇಳದ ಮಗುವಿಗೆ ಕಲಿಸುವುದು ಹೇಗೆ?

ಮನೆಗೆ ಬಂದ ನೆಂಟರು ಇಂಥ ಮಗುವನ್ನು ಕಂಡ ಕೂಡಲೇ ಅಯ್ಯೋ ಪಾಪ ಅಂತ ಎತ್ತಿಕೊಂಡುಬಿಡುತ್ತಾರೆ. ಯಾರು ಎತ್ತಿದರು, ಯಾಕೆ ಎತ್ತಿದರು, ಒಂದೂ ಗೊತ್ತಾಗದೆ ಮಗು ಕಿರುಚುತ್ತದೆ, ಆಮೇಲೆ ಹಠಮಾರಿ ಅಂತ ಹೆಸರು ಬೇರೆ. ಮೊದಲು ಹೇಳಿ, ಆಮೇಲೆ ಮಾಡಿ. ಹೇಳುವುದು ಕೈಯಲ್ಲಿ, ಅಷ್ಟೇ.

ಶುರು ತಪಾಸಣೆಯಿಂದ. ಇಂಥವರಲ್ಲಿ ಹೆಚ್ಚಿನವರಿಗೆ ಒಂಚೂರು ಬೆಳಕೋ ಸದ್ದೋ ಉಳಿದಿರುತ್ತದೆ, ಅದನ್ನು ಬಿಡಬಾರದು ಅಲ್ವಾ? ಮಂಡ್ಯದವರಿಗೂ ಮೈಸೂರು ಮಾನಸಗಂಗೋತ್ರಿಯ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ದೂರವಲ್ಲ. ಕಿವಿ ಅಲ್ಲಿ ತೋರಿಸಿ, ಕಣ್ಣಿನ ಡಾಕ್ಟರಿಗೂ ತೋರಿಸಿ.

ಹತ್ತಿರ ಹೋದಾಗ ಭುಜವನ್ನೋ ತೋಳನ್ನೋ ಮೆಲ್ಲಗೆ ಮುಟ್ಟಿ. ಮುಟ್ಟಿದ ಕೈ ತಕ್ಷಣ ತೆಗೆಯಬೇಡಿ. ಆಮೇಲೆ ನಿಮ್ಮ ಗುರುತು ಕೊಡಿ: ಅಜ್ಜಿ ಅಂದರೆ ಬಳೆ, ಅಪ್ಪ ಅಂದರೆ ವಾಚು. ದಿನಾ ಅದೇ ಇರಲಿ.

ಪ್ರತಿ ಕೆಲಸಕ್ಕೂ ಒಂದು ವಸ್ತು ಇಟ್ಟುಕೊಳ್ಳಿ. ಸ್ನಾನಕ್ಕೆ ಚೊಂಬು, ಊಟಕ್ಕೆ ತಟ್ಟೆ, ಹೊರಗೆ ಹೋಗುವುದಕ್ಕೆ ಚಪ್ಪಲಿ. ಅದನ್ನು ಕೈಗೆ ಕೊಟ್ಟು, ಮಗು ಸವರಿ ನೋಡುವವರೆಗೆ ಕಾಯಿರಿ. ಕಾಯುವುದೇ ಕಷ್ಟ, ನಮಗೆಲ್ಲ ಅವಸರ ಜಾಸ್ತಿ.

ಇನ್ನು ಕಲಿಸುವುದು. ಮಗುವಿನ ಕೈ ಹಿಡಿದು ಎಳೆಯಬೇಡಿ. ನಿಮ್ಮ ಕೈ ಕೆಳಗಿರಲಿ, ಅದರ ಕೈ ಮೇಲಿರಲಿ. ಪಕ್ಕದಲ್ಲೋ ಹಿಂದೆಯೋ ಕೂತು, ನೀವು ಮುದ್ದೆ ಮುರಿದು, ಬೆರಳಲ್ಲಿ ಉಂಡೆ ಮಾಡಿ, ಸೊಪ್ಪಿನ ಸಾರಿಗೆ ಅದ್ದುವಾಗ ಮಗು ಆ ಚಲನೆಯನ್ನೆಲ್ಲ ಮೇಲಿನಿಂದಲೇ ಹಿಂಬಾಲಿಸುತ್ತದೆ, ಬೇಡವೆನಿಸಿದರೆ ಕೈ ತೆಗೆಯುತ್ತದೆ. ಆ 'ಬೇಡ' ಕೂಡ ಮಾತೇ. ಸೀರೆ ಸೆರಗು, ಮೈ ತುಂಬ ಸಾರಾಗುತ್ತೆ, ಆಗಲಿ ಬಿಡಿ.

ದೊಡ್ಡವರಾದ ಮೇಲೆ ಕಣ್ಣು ಹೋದವರ ಕಥೆ ಬೇರೆ. ಅಷರ್ ಸಿಂಡ್ರೋಮ್ ಅನ್ನುವ ಆನುವಂಶಿಕ ಕಾಯಿಲೆ ಇದ್ದರೆ ಕಿವಿಯ ತೊಂದರೆ ಹುಟ್ಟಿನಿಂದಲೇ ಇರಬಹುದು, ಕಣ್ಣು ನಿಧಾನಕ್ಕೆ, ಮೊದಲು ಕತ್ತಲಲ್ಲಿ ಕೈಕೊಡುತ್ತದೆ. ಸಂಜ್ಞೆ ಭಾಷೆ ಬಲ್ಲವರು ನಿಮ್ಮ ಕೈ ಮುಟ್ಟಿಯೇ ಓದುತ್ತಾರೆ. ಓದು ಕಲಿತವರಿಗೆ ಅಂಗೈ ಮೇಲೆ ಒಂದೊಂದೇ ಅಕ್ಷರ ದೊಡ್ಡದಾಗಿ ಬರೆಯಿರಿ, ಬ್ರೈಲ್ ಕೂಡ ಶುರು ಮಾಡಿಸಿ.

ಕಣ್ಣು, ಕಿವಿ ಎರಡೂ ಇಲ್ಲದೆ ಓದಿ ಲೇಖಕಿಯಾದ ಹೆಲೆನ್ ಕೆಲರ್ ಹೆಸರು ಹೇಳಿ ಮಗುವಿನ ಮೇಲೆ ಒತ್ತಡ ಹಾಕಬೇಡಿ. ಆಕೆಗೆ 19 ತಿಂಗಳವರೆಗೆ ಕಣ್ಣು, ಕಿವಿ ಎರಡೂ ಇದ್ದವು. ಆದರೂ 1887ರ ಮಾರ್ಚಿನಲ್ಲಿ ಬಂದ ಟೀಚರ್ ಅಂಗೈಯಲ್ಲಿ ಬೆರಳಿನ ಅಕ್ಷರಗಳಿಂದ ಹೇಳಿದ್ದು ಆಕೆಗೆ ಅರ್ಥವಾಗಿದ್ದು ಏಪ್ರಿಲ್‌ನಲ್ಲಿ.

ಕಾಗದಪತ್ರ ಮರೆಯಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಣ್ಣು, ಕಿವಿ ಎರಡರ ತೊಂದರೆಯೂ ಒಟ್ಟಿಗಿರುವುದು ಬಹುವಿಧ ಅಂಗವೈಕಲ್ಯದ ಕೆಳಗೆ ಬರುತ್ತದೆ. ಯುಡಿಐಡಿ ಕಾರ್ಡಿಗೆ (ಅಂಗವಿಕಲರ ಸರ್ಕಾರಿ ಗುರುತಿನ ಚೀಟಿಗೆ) ಅರ್ಜಿ ಹಾಕುವಾಗ ಬರೀ ಕಿವುಡು ಅಂತಲೋ ಬರೀ ಕುರುಡು ಅಂತಲೋ ಬರೆಸಬೇಡಿ, ಎರಡನ್ನೂ ಬರೆಸಿ. ಶೇ 40 ಅಥವಾ ಹೆಚ್ಚು ವೈಕಲ್ಯವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ.