ಮನೆಯಂಗಳದಲ್ಲಿ ಆಟೋರಿಕ್ಷಾ ಎತ್ತುವ ಸುರಕ್ಷಿತ ಕ್ರಮ

ಆಟೋರಿಕ್ಷಾದ ಚಕ್ರ ಬಿಚ್ಚಬೇಕಾದಾಗ ಇಬ್ಬರು ಮೂವರು ಸೇರಿ ಗಾಡಿಯನ್ನೇ ಮಗ್ಗುಲಿಗೆ ವಾಲಿಸಿ ಹಿಡಿದುಕೊಳ್ಳುವ ಪದ್ಧತಿ ಬೆಂಗಳೂರಿನಲ್ಲಿ ಇಂದಿಗೂ ಇದೆ. ದಯವಿಟ್ಟು ಅದನ್ನು ಬಿಡಬೇಕು. ಸುಮಾರು 350 ಕಿಲೋ ತೂಗುವ ಗಾಡಿಯಲ್ಲಿ ಒಬ್ಬರ ಹಿಡಿತ ತಪ್ಪಿದರೂ ಚಕ್ರದ ಬಳಿ ಕುಳಿತವರ ಕೈಕಾಲಿಗೆ ಅಪಾಯ; ಪೆಟ್ರೋಲ್ ಮತ್ತು ಬ್ಯಾಟರಿಯ ಆಮ್ಲ ಸೋರುವ ಭಯ ಬೇರೆ. ಗ್ಯಾಸ್ ಗಾಡಿಯಾಗಿದ್ದರೆ ಕೆಲಸಕ್ಕೆ ಮೊದಲು ಸಿಲಿಂಡರಿನ ವಾಲ್ವ್ ಮುಚ್ಚಬೇಕು.

ಜಾಗದ ಆಯ್ಕೆಯೇ ಅರ್ಧ ಕೆಲಸ. ನಮ್ಮ ಊರಿನ ಅನೇಕ ಅಡ್ಡರಸ್ತೆಗಳು ಇಳಿಜಾರಾಗಿವೆ, ಮನೆಯ ಮುಂದೆ ಚರಂಡಿಯ ಮೇಲೆ ಕಲ್ಲುಚಪ್ಪಡಿ ಹಾಸಿರುತ್ತದೆ. ಇವೆರಡೂ ಜಾಕ್ ಇಡುವ ಜಾಗಗಳಲ್ಲ. ಸಮತಟ್ಟಾದ ಕಾಂಕ್ರೀಟ್ ನೆಲ ಉತ್ತಮ. ಮಣ್ಣಿನ ನೆಲವೊಂದೇ ಇದ್ದರೆ ಜಾಕಿನ ಅಡಿಗೆ ದಪ್ಪ ಮರದ ಹಲಗೆ ಹಾಕಬೇಕು, ಮಳೆಯಲ್ಲಿ ನೆನೆದ ಮಣ್ಣಿನ ಮೇಲೆ ಕೆಲಸ ಹಿಡಿಯಲೇಬಾರದು.

ಎಂಜಿನ್ ಹಿಂದಿರುವುದರಿಂದ ಗಾಡಿಯ ಹೆಚ್ಚಿನ ಭಾರ ಹಿಂದಿನ ಎರಡು ಚಕ್ರಗಳ ಮೇಲಿರುತ್ತದೆ. ಆದ್ದರಿಂದ ಆ ಎರಡೂ ಚಕ್ರಗಳಿಗೆ ತಡೆಗಟ್ಟೆ ಕೊಟ್ಟು ಮುಂಭಾಗವನ್ನು ಎತ್ತುವುದು ಸುಲಭ. ಹಿಂದಿನ ಒಂದು ಚಕ್ರವನ್ನು ಎತ್ತುವಾಗ ಮಾತ್ರ ಹೆಚ್ಚು ಎಚ್ಚರ ಬೇಕು, ಏಕೆಂದರೆ ಆಗ ಗಾಡಿಗೆ ನೆಲದಲ್ಲಿ ಉಳಿಯುವುದು ಮುಂದಿನದು ಮತ್ತು ಹಿಂದಿನ ಇನ್ನೊಂದು, ಹೀಗೆ ಎರಡೇ ಚಕ್ರ. ಹೆಚ್ಚು ಎತ್ತಿದಷ್ಟೂ ಭಾರವು ಆ ಎರಡನ್ನು ಜೋಡಿಸುವ ಗೆರೆಯತ್ತ ಸರಿಯುತ್ತದೆ, ಗೆರೆ ದಾಟಿದರೆ ಗಾಡಿ ಆಚೆ ಬದಿಗೆ ಮಗುಚುತ್ತದೆ. ಟೈರು ನೆಲದಿಂದ ಎರಡು ಬೆರಳಷ್ಟು ಮೇಲೆದ್ದರೆ ಸಾಕು.

ಗೇರಿನಲ್ಲಿ ಹಾಕಿದ ಗಾಡಿ ಕದಲುವುದಿಲ್ಲವೆಂಬ ನಂಬಿಕೆ ಇಲ್ಲಿ ಮೋಸ ಮಾಡುತ್ತದೆ. ಹಿಂದಿನ ಒಂದು ಚಕ್ರ ಗಾಳಿಯಲ್ಲಿದ್ದಾಗ ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳ ಜೋಡಣೆ) ಅದನ್ನು ಹಿಮ್ಮುಖವಾಗಿ ತಿರುಗಲು ಬಿಡುವುದರಿಂದ ನೆಲದ ಮೇಲಿನ ಚಕ್ರ ಸರಾಗವಾಗಿ ಉರುಳಬಲ್ಲದು. ಹ್ಯಾಂಡ್‌ಬ್ರೇಕ್ ಹಾಕುವುದರ ಜೊತೆಗೆ, ನೆಲದಲ್ಲಿ ಉಳಿಯುವ ಪ್ರತಿ ಚಕ್ರಕ್ಕೂ ಹಿಂದೆ ಮುಂದೆ ಎರಡೂ ಕಡೆ ಮರದ ಬೆಣೆ ಕೊಡಬೇಕು. ಹಿಂದಿನ ಎರಡನ್ನೂ ಎತ್ತುವುದಾದರೆ ಹ್ಯಾಂಡ್‌ಬ್ರೇಕಿನ ಆಸರೆಯೂ ಇರುವುದಿಲ್ಲ, ಆಗ ಮುಂಚಕ್ರದ ಬೆಣೆಗಳೇ ಗತಿ.

ಚಕ್ರ ನೆಲದಲ್ಲಿರುವಾಗಲೇ ಅದರ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಸ್ಪ್ಯಾನರ್ ಜಗ್ಗಿದರೆ ಗಾಡಿ ಜಾಕಿನಿಂದ ಜಾರೀತು. ಎರಡು ಹೋಳು ಸೇರಿಸಿದ ರಿಮ್ ಆಗಿದ್ದರೆ ಹೋಳುಗಳನ್ನು ಹಿಡಿದಿರುವ ನಟ್ಟು ಯಾವುದು, ಚಕ್ರವನ್ನು ಹಬ್‌ಗೆ (ಚಕ್ರ ಕೂರುವ ನಡುಭಾಗಕ್ಕೆ) ಬಿಗಿದಿರುವ ನಟ್ಟು ಯಾವುದು ಎಂದು ಮೊದಲು ಗುರುತಿಸಬೇಕು. ಗಾಳಿ ಪೂರ್ತಿ ಬಿಡದೆ ಹೋಳುಗಳ ನಟ್ಟನ್ನು ಮುಟ್ಟಿದರೆ ರಿಮ್ ಸಿಡಿದು ಪ್ರಾಣಕ್ಕೇ ಅಪಾಯ.

ಜಾಕನ್ನು ಕೈಪಿಡಿ ತೋರಿಸಿದ ಜಾಗದಲ್ಲಿ, ಚಾಸಿಸ್ಸಿನ (ಗಾಡಿಯ ಅಡಿಚೌಕಟ್ಟಿನ) ಗಟ್ಟಿ ಭಾಗಕ್ಕೆ ಕೊಡಬೇಕೇ ಹೊರತು ತೆಳು ತಗಡಿಗಾಗಲಿ ಎಂಜಿನ್ನಿನ ಅಡಿಗಾಗಲಿ ಅಲ್ಲ. ಜಾಕ್ ಇರುವುದು ಎತ್ತುವುದಕ್ಕೆ, ಭಾರ ಹೊತ್ತು ನಿಲ್ಲುವುದಕ್ಕಲ್ಲ. ಹೈಡ್ರಾಲಿಕ್ ಜಾಕಿನಲ್ಲಿ ಎಣ್ಣೆಯನ್ನು ತಡೆದಿಡುವ ಆಯಿಲ್ ಸೀಲ್ ಸೋತರೆ ಗಾಡಿ ಕುಸಿಯುತ್ತದೆ. ಆದ್ದರಿಂದ ಎತ್ತಿದ ಕೂಡಲೇ ಚಾಸಿಸ್ಸಿನ ಕೆಳಗೆ ಜಾಕ್ ಸ್ಟ್ಯಾಂಡ್ (ಎತ್ತಿದ ಗಾಡಿಯ ಭಾರ ಹೊರುವ ಲೋಹದ ಆಸರೆ) ಇಟ್ಟು ಭಾರವನ್ನು ಅದರ ಮೇಲೆ ಇಳಿಸಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ವಿಚಾರಿಸಿ, ಹೊರುವ ಭಾರ ನಮೂದಾಗಿರುವುದನ್ನೇ ಕೊಳ್ಳಿರಿ. ಸ್ಟ್ಯಾಂಡಿನ ಬದಲು ಇಡುವ ಸೈಜುಗಲ್ಲು, ಹಾಲೋ ಬ್ಲಾಕ್, ಇಟ್ಟಿಗೆಗಳು ಮುನ್ಸೂಚನೆಯಿಲ್ಲದೆ ಸೀಳಿಹೋಗುತ್ತವೆ. ಸ್ಟ್ಯಾಂಡಿನ ಮೇಲೆ ಕೂತ ಗಾಡಿಯನ್ನು ಒಮ್ಮೆ ಕೈಯಿಂದ ಮೆಲ್ಲಗೆ ಅಲುಗಿಸಿ ನೋಡಿ, ಕದಲಿದರೆ ಇಳಿಸಿ ಮತ್ತೆ ಎತ್ತಿರಿ.

ಇಳಿಸುವಾಗ ಮಕ್ಕಳನ್ನು ದೂರವಿರಿಸಿ, ಜಾಕನ್ನು ನಿಧಾನವಾಗಿ ಬಿಡಬೇಕು. ನಟ್ಟುಗಳ ಕೊನೆಯ ಬಿಗಿತವನ್ನು ಟೈರು ನೆಲ ಮುಟ್ಟಿದ ನಂತರವೇ ಕೊಟ್ಟು, ಸ್ವಲ್ಪ ದೂರ ಓಡಿಸಿ ಬಂದು ಮತ್ತೊಮ್ಮೆ ಪರೀಕ್ಷಿಸಬೇಕು.