ಟೆಂಡರ್ ಯಾವ ನಿಯಮದ್ದು? ಸರ್ಕಾರಿ ಖರೀದಿಯ ಅಂತರರಾಷ್ಟ್ರೀಯ ಒಪ್ಪಂದಗಳನ್ನು ಓದುವ ಬಗೆ

ಪೀಣ್ಯದಲ್ಲಿ ನೀರಿನ ಕೊಳವೆಗಳಿಗೆ ವಾಲ್ವ್ ತಯಾರಿಸುವ ಸಣ್ಣ ಕಾರ್ಖಾನೆಯ ಮಾಲೀಕರೊಬ್ಬರು ಎರಡು ಟೆಂಡರ್ ಪ್ರಕಟಣೆಗಳನ್ನು ಮುದ್ರಿಸಿ ತಂದು ನನ್ನ ಮೇಜಿನ ಮೇಲಿಟ್ಟರು. ಎರಡರಲ್ಲೂ ಕೇಳಿದ್ದು ಹೆಚ್ಚುಕಡಿಮೆ ಒಂದೇ ಬಗೆಯ ವಾಲ್ವ್. ಒಂದು ರಾಜ್ಯದ ಇಲಾಖೆಯೊಂದರ ಸ್ವಂತ ಅನುದಾನದ ಕೆಲಸ, ಇನ್ನೊಂದು ವಿದೇಶಿ ಸಾಲದ ಯೋಜನೆ. "ಇದಕ್ಕೆಷ್ಟು ದರ ಹಾಕ್ಲಿ ಸಾರ್, ಅದಕ್ಕೆಷ್ಟು?" ಎಂದರು. ದರದ ಮಾತು ಆಮೇಲಿನದು ಎಂದೆ. ಪೈಪೋಟಿಗೆ ಯಾರು ಬರಬಹುದು, ನಮಗೆ ಯಾವ ಆದ್ಯತೆ ಸಿಗುತ್ತದೆ, ಅನ್ಯಾಯವಾದರೆ ಎಷ್ಟು ದಿನದೊಳಗೆ ಯಾರ ಬಾಗಿಲಿಗೆ ಹೋಗಬೇಕು ಎಂಬುದನ್ನೆಲ್ಲ ಆ ಕಾಗದ ಯಾವ ನಿಯಮಾವಳಿಗೆ ಒಳಪಟ್ಟಿದೆ ಎಂಬುದೇ ತೀರ್ಮಾನಿಸುತ್ತದೆ. ಅದನ್ನು ಕಂಡುಕೊಳ್ಳುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಹಣ ಯಾರದು ಎಂಬುದನ್ನು ಮೊದಲು ನೋಡಿ

ಟೆಂಡರ್ ದಾಖಲೆಯ ಮೊದಲ ಪುಟಗಳಲ್ಲೇ ಹಣದ ಮೂಲವನ್ನು ಬರೆದಿರುತ್ತಾರೆ. ರಾಜ್ಯದ ಹಣವಾದರೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999, ಅಂದರೆ ಎಲ್ಲರೂ ಕೆಟಿಪಿಪಿ ಕಾಯ್ದೆ ಎನ್ನುವುದು ಅನ್ವಯವಾಗುತ್ತದೆ. ಕೇಂದ್ರದ ಹಣವಾದರೆ 2017ರ ಸಾಮಾನ್ಯ ಹಣಕಾಸು ನಿಯಮಗಳು, ಅದೇ ವರ್ಷದ ಮೇಕ್ ಇನ್ ಇಂಡಿಯಾ ಆದ್ಯತಾ ಆದೇಶ ಮತ್ತು ಬಹುಮಟ್ಟಿಗೆ ಕೇಂದ್ರದ ಆನ್‌ಲೈನ್ ಖರೀದಿ ತಾಣವಾದ ಜೆಮ್ ಪೋರ್ಟಲ್. ಮೂರನೆಯದು ಸಾಲದ ಹಣ, ಮತ್ತು ಬೆಂಗಳೂರಿನಲ್ಲಿ ಇದು ಸಣ್ಣ ಬಾಬತ್ತೇನೂ ಅಲ್ಲ. ಕಾವೇರಿ ಐದನೇ ಹಂತಕ್ಕೆ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾ ಸಾಲ ಕೊಟ್ಟಿದೆ, ಮೆಟ್ರೊ ಎರಡನೇ ಹಂತಕ್ಕೆ ಯುರೋಪಿಯನ್ ಹೂಡಿಕೆ ಬ್ಯಾಂಕ್ ಮತ್ತಿತರ ಸಂಸ್ಥೆಗಳ ಸಾಲವಿದೆ, ಉಪನಗರ ರೈಲಿಗೆ ಆ ಬ್ಯಾಂಕಿನ ಜೊತೆಗೆ ಜರ್ಮನಿಯ ಸರ್ಕಾರಿ ಬ್ಯಾಂಕ್ ಕೆಎಫ್‌ಡಬ್ಲ್ಯು ಸಾಲವೂ ಇದೆ. ಇಂಥ ಕಡೆ ಸಾಲ ಕೊಟ್ಟವರ ಖರೀದಿ ನಿಯಮಕ್ಕೂ ಕೆಟಿಪಿಪಿಗೂ ಹೊಂದಿಕೆಯಾಗದ ಕಡೆ ಕೆಟಿಪಿಪಿಯೇ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ. ಪತ್ರಿಕೆಗಳಲ್ಲಿ ಆಗಾಗ ಓದುವ "4ಜಿ ವಿನಾಯಿತಿ"ಯೇ ಬೇರೆ, ಇದೇ ಬೇರೆ. ಅದು ಕೆಟಿಪಿಪಿ ಕಾಯ್ದೆಯ 4(ಜಿ) ಕಲಮಿನಡಿ ಸರ್ಕಾರ ಅಧಿಸೂಚನೆ ಹೊರಡಿಸಿ ತಾನೇ ಕೊಟ್ಟುಕೊಳ್ಳುವ ವಿನಾಯಿತಿ, ಇದು ಸಾಲದ ಕರಾರಿನೊಂದಿಗೇ ಬಂದದ್ದು.

ಸಾಲದ ಯೋಜನೆಯೆಂದು ಗೊತ್ತಾದರೆ "ಅರ್ಹ ದೇಶಗಳು" ಎಂಬ ವಿಭಾಗಕ್ಕೆ ಹೋಗಿ. ಸಾಮಾನ್ಯವಾಗಿ ಅದು ಚಿಕ್ಕದಾಗಿರುತ್ತದೆ, ಆದರೆ ಜಪಾನಿನ ಕೆಲವು ಸಾಲಗಳಂತೆ ಸಾಲ ಕೊಟ್ಟ ದೇಶದ ಕಂಪನಿಗಳಿಗೇ ಕಟ್ಟಿಹಾಕಿದ ಷರತ್ತಿದ್ದರೆ ಅದು ಅಲ್ಲೇ ಬಯಲಾಗುತ್ತದೆ. ವಿಶ್ವಬ್ಯಾಂಕಿನ ನಿಯಮದಲ್ಲಿ ಅಂತರರಾಷ್ಟ್ರೀಯ ಪೈಪೋಟಿಯ ಸರಕು ಖರೀದಿಗೆ ಸಾಲ ಪಡೆದ ದೇಶದ ಸರಕಿಗೆ ಶೇ 15ರಷ್ಟು ಬೆಲೆಯ ಆದ್ಯತೆ ಕೊಡಲು ಅವಕಾಶವಿದೆ. ಆದರೆ ಆ ಅವಕಾಶವನ್ನು ಬಳಸಿಕೊಂಡಿದ್ದೇವೆಂದು ಟೆಂಡರ್ ದಾಖಲೆಯಲ್ಲಿ ಹೇಳಿದ್ದರೆ ಮಾತ್ರ ಅದು ಸಿಗುತ್ತದೆ. ಪೀಣ್ಯದ ಮಾಲೀಕರ ದಾಖಲೆಯಲ್ಲಿ ಆ ಸಾಲಿನ ಎದುರು "ಅನ್ವಯಿಸುವುದಿಲ್ಲ" ಎಂದಿತ್ತು. ಇದನ್ನು ಓದದೆ ದರ ಹಾಕಿದ್ದರೆ ಇಲ್ಲದ ಆದ್ಯತೆಯ ನಂಬಿಕೆಯ ಮೇಲೆ ಹಾಕಿದಂತಾಗುತ್ತಿತ್ತು.

ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದ ಎಲ್ಲಿ ಬರುತ್ತದೆ

ಸರ್ಕಾರಗಳು ಕೊಳ್ಳುವ ಸರಕು ಮತ್ತು ಸೇವೆ ಸಾಮಾನ್ಯವಾಗಿ ಒಂದು ದೇಶದ ಆರ್ಥಿಕತೆಯ ಶೇ 10ರಿಂದ 15ರಷ್ಟಿರುತ್ತದೆ ಎಂದು ವಿಶ್ವ ವ್ಯಾಪಾರ ಸಂಘಟನೆ ಹೇಳುತ್ತದೆ. ಇಷ್ಟು ದೊಡ್ಡ ಮಾರುಕಟ್ಟೆಯನ್ನು ಅಂತರರಾಷ್ಟ್ರೀಯ ಸರಕು ವ್ಯಾಪಾರದ ಮೂಲ ಒಪ್ಪಂದವಾದ 1947ರ ಗ್ಯಾಟ್ ತಿಳಿದೂ ತಿಳಿದೂ ಹೊರಗಿಟ್ಟಿತು. ಆಮದಾದ ಸರಕನ್ನು ಸ್ವದೇಶಿ ಸರಕಿಗೆ ಸಮನಾಗಿ ಕಾಣಬೇಕೆನ್ನುವ 3ನೇ ವಿಧಿಯ 8(ಎ) ಕಲಂ, ಸರ್ಕಾರ ತನ್ನ ಬಳಕೆಗೆ ಕೊಳ್ಳುವುದಕ್ಕೆ ಈ ಮಾತು ಅನ್ವಯಿಸದು ಎನ್ನುತ್ತದೆ. ಆ ಬೇಲಿಯನ್ನು ತೆರೆಯಲು ಒಪ್ಪಿದ ದೇಶಗಳು 1979ರಲ್ಲಿ ಬೇರೆಯೇ ಸಂಹಿತೆ ಮಾಡಿಕೊಂಡವು. ಅದು ಬೆಳೆದು 1996ರ ಜನವರಿ 1ರಿಂದ ಸರ್ಕಾರಿ ಖರೀದಿ ಒಪ್ಪಂದವಾಗಿ ಜಾರಿಗೆ ಬಂತು, ಪರಿಷ್ಕೃತ ರೂಪ 2014ರ ಏಪ್ರಿಲ್ 6ರಂದು ಜಾರಿಯಾಯಿತು. ಸಂಘಟನೆಯ 166 ಸದಸ್ಯರಲ್ಲಿ 50ರಷ್ಟು ಸದಸ್ಯರಷ್ಟೇ ಇದರೊಳಗಿದ್ದಾರೆ. ಭಾರತ 2010ರಿಂದ ವೀಕ್ಷಕ ಮಾತ್ರ, ಎಂದರೆ ಸಭೆಯಲ್ಲಿ ಕುರ್ಚಿಯಿದೆ, ಬಾಧ್ಯತೆಯೂ ಇಲ್ಲ, ಹಕ್ಕೂ ಇಲ್ಲ.

ಈ ಒಪ್ಪಂದವನ್ನು ಓದುವವರು ಮಾಡುವ ದೊಡ್ಡ ತಪ್ಪೆಂದರೆ ಮುಖ್ಯ ಪಠ್ಯವನ್ನು ಓದಿ ಅಲ್ಲಿಗೇ ನಿಲ್ಲಿಸುವುದು. ಜೀವ ಇರುವುದು ಅನುಬಂಧಗಳಲ್ಲಿ. ಪ್ರತಿ ದೇಶವೂ ಏಳು ಅನುಬಂಧಗಳಲ್ಲಿ ಯಾವ ಕೇಂದ್ರ ಇಲಾಖೆ, ಯಾವ ರಾಜ್ಯ ಅಥವಾ ಪ್ರಾಂತ್ಯ, ಯಾವ ನಿಗಮ, ಯಾವ ಸರಕು, ಯಾವ ಸೇವೆ, ಯಾವ ಕಾಮಗಾರಿ ಎಂದು ಪಟ್ಟಿ ಮಾಡಿ, ಕೊನೆಯ ಅನುಬಂಧದಲ್ಲಿ ಸಾಮಾನ್ಯ ಟಿಪ್ಪಣಿಗಳ ಹೆಸರಿನಲ್ಲಿ ತನಗೆ ಬೇಡವಾದದ್ದನ್ನೆಲ್ಲ ಹೊರಗಿಡುತ್ತದೆ. ಅಮೆರಿಕದ ಪಟ್ಟಿಯಲ್ಲಿ ಅದರ 50 ರಾಜ್ಯಗಳ ಪೈಕಿ 37 ಮಾತ್ರ ಇವೆ. ದಕ್ಷಿಣ ಕೊರಿಯಾದ ಇಂಚಿಯೋನ್ ವಿಮಾನ ನಿಲ್ದಾಣದ ಖರೀದಿಯ ಬಗ್ಗೆ ಇದೇ ಅಮೆರಿಕ ದೂರು ಕೊಟ್ಟಾಗ, ಆ ನಿಲ್ದಾಣ ಕಟ್ಟುತ್ತಿದ್ದ ಸಂಸ್ಥೆ ಕೊರಿಯಾದ ಪಟ್ಟಿಗೆ ಸೇರಿಲ್ಲವೆಂದು 2000ರಲ್ಲಿ ಸಂಘಟನೆಯ ವಿಚಾರಣಾ ಸಮಿತಿ ತೀರ್ಪು ಕೊಟ್ಟಿತು. ಪಟ್ಟಿಯಲ್ಲಿಲ್ಲದ ಸಂಸ್ಥೆಯ ಮುಂದೆ ಒಪ್ಪಂದದ ಹೆಸರು ಹೇಳಿ ಪ್ರಯೋಜನವಿಲ್ಲ.

ಸಂಸ್ಥೆ ಪಟ್ಟಿಯಲ್ಲಿದ್ದರೆ ಮೌಲ್ಯದ ಮಿತಿಯನ್ನು ನೋಡಿ. ಇದನ್ನು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಘಟಕವಾದ ಎಸ್‌ಡಿಆರ್‌ನಲ್ಲಿ ಬರೆದಿರುತ್ತಾರೆ. ಕೇಂದ್ರ ಇಲಾಖೆಗಳ ಸರಕು ಮತ್ತು ಸೇವೆಗೆ ಸಾಮಾನ್ಯವಾಗಿ 1,30,000 ಎಸ್‌ಡಿಆರ್, ಅಂದರೆ ಸುಮಾರು ಒಂದೂವರೆ ಕೋಟಿ ರೂಪಾಯಿ. ಕಾಮಗಾರಿಗೆ 50 ಲಕ್ಷ ಎಸ್‌ಡಿಆರ್, ಅಂದಾಜು 60 ಕೋಟಿ. ಅದಕ್ಕಿಂತ ಕಡಿಮೆಯ ಖರೀದಿಯನ್ನು ಆ ದೇಶ ತನ್ನವರಿಗೇ ಮೀಸಲಿಡಬಹುದು.

ಹೊರದೇಶದ ಸರ್ಕಾರಕ್ಕೆ ಮಾರುವುದಿದ್ದರೆ

ಬೆಂಗಳೂರಿನ ಔಷಧ ಮತ್ತು ಎಲೆಕ್ಟ್ರಾನಿಕ್ಸ್ ಕಂಪನಿಗಳಿಗೆ ಈ ಒಪ್ಪಂದ ನಿಜವಾಗಿ ತಾಗುವುದು ಇಲ್ಲಿ. ಅಮೆರಿಕದ 1979ರ ವ್ಯಾಪಾರ ಒಪ್ಪಂದಗಳ ಕಾಯ್ದೆಯ ಪ್ರಕಾರ, ಮಿತಿಗಿಂತ ಮೇಲಿನ ಒಪ್ಪಂದ-ವ್ಯಾಪ್ತಿಯ ಖರೀದಿಗಳಲ್ಲಿ ಅಲ್ಲಿನ ಕೇಂದ್ರ ಸರ್ಕಾರ ಸ್ವದೇಶದ ಇಲ್ಲವೇ ತಾನು ಗೊತ್ತುಪಡಿಸಿದ ದೇಶಗಳ ಸರಕನ್ನು ಮಾತ್ರ ಕೊಳ್ಳಬಹುದು. ಒಪ್ಪಂದದ ಹೊರಗಿರುವ ಭಾರತ ಆ ಪಟ್ಟಿಯಲ್ಲಿ ಇಲ್ಲ, ಅತಿ ಹಿಂದುಳಿದ ರಾಷ್ಟ್ರವೆಂಬ ಕಾರಣಕ್ಕೆ ಬಾಂಗ್ಲಾದೇಶ ಇದೆ. ಆದ್ದರಿಂದ ದರ ಎಷ್ಟೇ ಕಡಿಮೆಯಿದ್ದರೂ ಇಲ್ಲಿ ತಯಾರಾದ ಮಾತ್ರೆ ಸಾಮಾನ್ಯವಾಗಿ ಆ ಬಾಗಿಲಲ್ಲೇ ನಿಲ್ಲುತ್ತದೆ.

ಆದರೆ "ಎಲ್ಲಿ ತಯಾರಾದದ್ದು" ಎಂಬ ಪ್ರಶ್ನೆಗೆ ಉತ್ತರ ಯಾವಾಗಲೂ ನೇರವಲ್ಲ. ಭಾರತದಿಂದ ತರಿಸಿದ ಮೂಲ ಔಷಧ ಪದಾರ್ಥದಿಂದ ನ್ಯೂಜೆರ್ಸಿಯಲ್ಲಿ ಮಾಡಿದ ಮಾತ್ರೆಯನ್ನು ಮಾರುತ್ತಿದ್ದ ಅಸೆಟ್ರಿಸ್ ಕಂಪನಿಯ ಮೊಕದ್ದಮೆಯಲ್ಲಿ, ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ 2020ರ ಫೆಬ್ರವರಿಯಲ್ಲಿ ಆ ಮಾತ್ರೆಯನ್ನು ಭಾರತದ ಸರಕೆನ್ನಲಾಗದು, ಅಮೆರಿಕದಲ್ಲೇ ತಯಾರಾದದ್ದು ಎಂದಿತು. ಆದ್ದರಿಂದ ಹೊರದೇಶದ ಟೆಂಡರ್ ನೋಡುವಾಗ ಆ ದೇಶ ಮೂಲವನ್ನು ನಿರ್ಧರಿಸುವ ನಿಯಮವನ್ನು ಸರಕಿಗೆ ಬೇರೆ, ಸೇವೆಗೆ ಬೇರೆ ಎಂದು ಓದಬೇಕು. ಅಮೆರಿಕದಲ್ಲಿ ಸೇವೆಯ ವಿಚಾರಕ್ಕೆ ಕಂಪನಿ ಎಲ್ಲಿ ಸ್ಥಾಪಿತವಾಗಿದೆ ಎಂಬುದೇ ಅಳತೆ. ಯುರೋಪಿಗಾದರೆ ಯುರೋಪಿಯನ್ ಒಕ್ಕೂಟದ ಟೆಡ್ ಎಂಬ ಟೆಂಡರ್ ಪ್ರಕಟಣಾ ತಾಣದಲ್ಲಿ, ಅಮೆರಿಕಕ್ಕಾದರೆ ಅಲ್ಲಿನ ಸರ್ಕಾರದ ಸ್ಯಾಮ್ ತಾಣದಲ್ಲಿ ಹುಡುಕಬಹುದು. ಒಪ್ಪಂದಕ್ಕೆ ಒಳಪಟ್ಟ ಖರೀದಿಯೇ ಎಂಬುದನ್ನು ಪ್ರಕಟಣೆಯಲ್ಲೇ ನಮೂದಿಸಿರಬೇಕು.

ನಮ್ಮಲ್ಲೂ ಅಳತೆಗೋಲಾಗಿ ಬಳಸಬಹುದಾದ ಕಲಂಗಳು

ಒಪ್ಪಂದ ನಮಗೆ ಅನ್ವಯಿಸದಿದ್ದರೂ ಅದರ ಕೆಲವು ಕಲಂಗಳು ಟೆಂಡರ್ ದಾಖಲೆಯನ್ನು ತೂಗಲು ಒಳ್ಳೆಯ ತಕ್ಕಡಿ. ಮುಕ್ತ ಟೆಂಡರಿಗೆ ಸಾಮಾನ್ಯವಾಗಿ 40 ದಿನ ಸಮಯ ಕೊಡಬೇಕು. ತಾಂತ್ರಿಕ ವಿವರಣೆ ವಿನ್ಯಾಸವನ್ನಲ್ಲ, ಕಾರ್ಯಕ್ಷಮತೆಯನ್ನು ಹೇಳಬೇಕು, ಬ್ರ್ಯಾಂಡ್ ಹೆಸರಿಸದೆ ಬೇರೆ ದಾರಿಯೇ ಇಲ್ಲದಿದ್ದರೆ "ಅಥವಾ ಸಮಾನವಾದದ್ದು" ಎಂದು ಸೇರಿಸಬೇಕು. ಸಂಬಂಧಪಟ್ಟ ಅನುಭವವನ್ನು ಕೇಳಬಹುದು, ಆದರೆ ಆ ದೇಶದ ಸರ್ಕಾರಿ ಸಂಸ್ಥೆಗೇ ಹಿಂದೆ ಸರಬರಾಜು ಮಾಡಿರಬೇಕೆಂದು ಷರತ್ತು ಹಾಕುವಂತಿಲ್ಲ. ಸೋತವರು ಕೇಳಿದರೆ ಕಾರಣವನ್ನೂ, ಗೆದ್ದವರ ಹೆಚ್ಚುಗಾರಿಕೆ ಏನೆಂಬುದನ್ನೂ ತಿಳಿಸಬೇಕು. ತಕರಾರು ಸಲ್ಲಿಸಲು, ಅದರ ಕಾರಣ ಗೊತ್ತಾದ ದಿನದಿಂದ ಕನಿಷ್ಠ 10 ದಿನ ಕೊಡಬೇಕು.

ವಾಲ್ವ್‌ನ ಎರಡನೇ ದಾಖಲೆಯಲ್ಲಿ ಸೀಲ್ ರಿಂಗಿನ ಎದುರು ಒಂದು ವಿದೇಶಿ ಕಂಪನಿಯ ಮಾದರಿ ಸಂಖ್ಯೆಯೇ ಇತ್ತು, "ಸಮಾನವಾದದ್ದು" ಎಂಬ ಪದ ಇರಲಿಲ್ಲ. ಇಂಥಲ್ಲಿ ಜಗಳ ಬೇಡ, ಪ್ರಿ-ಬಿಡ್ ಪ್ರಶ್ನೆ, ಅಂದರೆ ಬಿಡ್ ಸಲ್ಲಿಸುವ ಮುನ್ನ ಕೇಳುವ ಲಿಖಿತ ಪ್ರಶ್ನೆ, ಸಾಕು. ಪುಟ, ಕಲಂ, ಈಗಿರುವ ಪದ, ಇರಬೇಕಾದ ಪದ, ಅದಕ್ಕೆ ಆಧಾರವಾದ ನಿಯಮ, ಇವಿಷ್ಟನ್ನು ನಾಲ್ಕು ಸಾಲಿನಲ್ಲಿ ಬರೆಯಿರಿ. ಸಾಲದ ಯೋಜನೆಯಾದರೆ ಸಾಲ ಕೊಟ್ಟವರ ಖರೀದಿ ನಿಯಮವನ್ನು ಆಧಾರ ಮಾಡಿ, ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದವನ್ನು ಉಲ್ಲೇಖಿಸಬೇಡಿ, ನೀವು ಅದರ ಹಕ್ಕುದಾರರಲ್ಲ. ಪ್ರಶ್ನೆಯನ್ನು ಹೇಳಿದ ಜಾಗದಲ್ಲೇ ಸಲ್ಲಿಸಿ. ಹಿಂದೊಮ್ಮೆ ನಾನು ಪೋರ್ಟಲಿನಲ್ಲಿ ಹಾಕಬೇಕಾಗಿದ್ದ ಪ್ರಶ್ನೆಯನ್ನು ಇಮೇಲಿನಲ್ಲಿ ಕಳಿಸಿ ಉತ್ತರಕ್ಕೆ ಕಾದು ಕುಳಿತೆ. ಬಿಡ್ ತೆರೆಯುವ ದಿನ ಬಂದಾಗ ನನ್ನ ಪ್ರಶ್ನೆ ಅವರ ಲೆಕ್ಕದಲ್ಲೇ ಇರಲಿಲ್ಲ.

ವಿಶ್ವಬ್ಯಾಂಕಿನ 2016ರ ಖರೀದಿ ಚೌಕಟ್ಟಿನಲ್ಲಿ ಅಂತರರಾಷ್ಟ್ರೀಯ ಪೈಪೋಟಿಯ ಗುತ್ತಿಗೆಗಳಿಗೆ ಇನ್ನೊಂದು ಅನುಕೂಲವಿದೆ. ಯಾರಿಗೆ ಕೊಡಲಿದ್ದೇವೆಂದು ತಿಳಿಸಿದ ಮೇಲೆ ಸಹಿ ಹಾಕುವ ಮುನ್ನ 10 ಕೆಲಸದ ದಿನ ಕಾಯಬೇಕು, ಸೋತವರು 3 ಕೆಲಸದ ದಿನದೊಳಗೆ ವಿವರಣೆ ಕೇಳಬಹುದು. ಈ ಮೂರು ದಿನ ಕೈಬಿಟ್ಟುಹೋಗುವುದೇ ಹೆಚ್ಚು, ಏಕೆಂದರೆ ಸೂಚನೆ ಬಂದದ್ದು ಕಾರ್ಖಾನೆಯ ಲೆಕ್ಕಪತ್ರದವರ ಇಮೇಲಿಗೆ ಆಗಿರುತ್ತದೆ.

ಅಭಿವೃದ್ಧಿಯ ಲೆಕ್ಕ

ಒಪ್ಪಂದಕ್ಕೆ ಭಾರತ ಸಹಿ ಹಾಕದಿರುವುದಕ್ಕೆ ದೊಡ್ಡ ಕಾರಣ, ಸರ್ಕಾರಿ ಖರೀದಿಯನ್ನು ನಾವು ಕೈಗಾರಿಕಾ ನೀತಿಯ ಸಾಧನವಾಗಿ ಬಳಸುವುದು. ಕೇಂದ್ರದ ಇಲಾಖೆ ಮತ್ತು ಉದ್ದಿಮೆಗಳು ವಾರ್ಷಿಕ ಖರೀದಿಯ ಶೇ 25ನ್ನು ಕಿರು ಮತ್ತು ಸಣ್ಣ ಉದ್ದಿಮೆಗಳಿಂದ ಮಾಡಬೇಕು, ಅದರಲ್ಲಿ ಶೇ 4 ಪರಿಶಿಷ್ಟ ಜಾತಿ ಮತ್ತು ಪಂಗಡದವರ, ಶೇ 3 ಮಹಿಳೆಯರ ಉದ್ದಿಮೆಗಳಿಂದ. ಮೇಕ್ ಇನ್ ಇಂಡಿಯಾ ಆದೇಶದಲ್ಲಿ ಶೇ 50ರಷ್ಟು ಸ್ಥಳೀಯ ಅಂಶವಿದ್ದರೆ, ಅಂದರೆ ಅಷ್ಟು ಮೌಲ್ಯ ದೇಶದೊಳಗೇ ಸೇರಿದ್ದರೆ, ಒಂದನೇ ವರ್ಗದ ಸರಬರಾಜುದಾರ, ಶೇ 20 ದಾಟಿದರೆ ಎರಡನೇ ವರ್ಗ. 200 ಕೋಟಿಗಿಂತ ಕಡಿಮೆಯ ಖರೀದಿಗೆ ಸಾಮಾನ್ಯವಾಗಿ ಜಾಗತಿಕ ಟೆಂಡರೇ ಇಲ್ಲ.

ಒಪ್ಪಂದ ಸೇರಿದರೆ ಇದೆಲ್ಲ ಹೋಗುತ್ತದೆಯೇ? ಅರ್ಧ ನಿಜ. ಅಭಿವೃದ್ಧಿಶೀಲ ದೇಶಗಳಿಗೆ ಬೆಲೆಯ ಆದ್ಯತೆ, ಹೆಚ್ಚಿನ ಮಿತಿ ಮುಂತಾದ ರಿಯಾಯಿತಿಗಳನ್ನು 5ನೇ ವಿಧಿ ಕೊಡುತ್ತದೆ, ಆದರೆ ಅವು ಸಂಕ್ರಮಣ ಕಾಲದವು, ಅದೂ ಚೌಕಾಸಿ ಮಾಡಿ ಪಡೆಯಬೇಕು. ಇನ್ನೊಂದು ಕಡೆ, ಅಮೆರಿಕ ತನ್ನ ಸಣ್ಣ ಉದ್ದಿಮೆಗಳ ಮೀಸಲನ್ನು ಟಿಪ್ಪಣಿಯೊಂದರಲ್ಲಿ ಒಪ್ಪಂದದಿಂದ ಖಾಯಮ್ಮಾಗಿಯೇ ಹೊರಗಿಟ್ಟುಕೊಂಡಿದೆ. ಆದ್ದರಿಂದ ಶೇ 25ರ ಮೀಸಲು ತಾನಾಗಿ ಬಲಿಯಾಗುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಕಷ್ಟವಿರುವುದು ಸ್ಥಳೀಯ ಅಂಶದ ಷರತ್ತಿಗೆ, ಅದರ ಮೇಲೆ ಒಪ್ಪಂದ ನೇರವಾಗಿಯೇ ಕೈ ಹಾಕುತ್ತದೆ.

ಒಪ್ಪಂದದ ಹೊರಗಿದ್ದ ಮಾತ್ರಕ್ಕೆ ಪೂರ್ತಿ ಸ್ವತಂತ್ರರು ಎಂದೂ ಅಲ್ಲ. ರಾಷ್ಟ್ರೀಯ ಸೌರ ಮಿಷನ್ನಿನಲ್ಲಿ ಸ್ವದೇಶಿ ಸೌರಕೋಶಗಳನ್ನೇ ಬಳಸಬೇಕೆಂದು ಹಾಕಿದ್ದ ಷರತ್ತನ್ನು ಅಮೆರಿಕ ಪ್ರಶ್ನಿಸಿದಾಗ ಭಾರತ ಮೇಲೆ ಹೇಳಿದ 8(ಎ) ಕಲಮಿನ ರಕ್ಷಣೆ ಕೇಳಿತು. ಸರ್ಕಾರ ಕೊಂಡದ್ದು ವಿದ್ಯುತ್ತು, ತಾರತಮ್ಯ ಮಾಡಿದ್ದು ಸೌರಕೋಶಗಳ ನಡುವೆ, ಎರಡೂ ಬೇರೆ ಬೇರೆ ಸರಕು ಎಂದು ವಿಶ್ವ ವ್ಯಾಪಾರ ಸಂಘಟನೆಯ ಮೇಲ್ಮನವಿ ಮಂಡಳಿ 2016ರ ಸೆಪ್ಟೆಂಬರಿನಲ್ಲಿ ಆ ವಾದವನ್ನು ತಳ್ಳಿಹಾಕಿತು. ಸ್ಥಳೀಯ ಅಂಶದ ಷರತ್ತು ಕಂಡಲ್ಲಿ ಸರ್ಕಾರ ಆ ವಸ್ತುವನ್ನೇ ಕೊಳ್ಳುತ್ತಿದೆಯೇ, ಅದರಿಂದ ಬರುವ ಬೇರೊಂದನ್ನೇ ಎಂದು ಕೇಳಿಕೊಳ್ಳಿ.

ಈ ನಡುವೆ ಬಾಗಿಲು ಬೇರೆ ಕಡೆಯಿಂದ ತೆರೆಯುತ್ತಿದೆ. 2022ರ ಮೇ 1ರಂದು ಜಾರಿಯಾದ ಯುಎಇ ಜೊತೆಗಿನ ವ್ಯಾಪಾರ ಒಪ್ಪಂದದಲ್ಲಿ ಸರ್ಕಾರಿ ಖರೀದಿಯ ಅಧ್ಯಾಯವಿದೆ. 2025ರ ಜುಲೈ 24ರಂದು ಸಹಿಯಾದ ಬ್ರಿಟನ್ ಒಪ್ಪಂದದಲ್ಲಿ ಶೇ 20ರಷ್ಟು ಬ್ರಿಟನ್ ಅಂಶವಿರುವ ಅಲ್ಲಿನ ಸರಬರಾಜುದಾರರನ್ನು ಎರಡನೇ ವರ್ಗದವರಂತೆ ಕಾಣಲು ಭಾರತ ಒಪ್ಪಿದೆ. ಇದು ಕೇಂದ್ರದ ಖರೀದಿಗೆ ಸೀಮಿತ, ರಾಜ್ಯಗಳೂ ಸ್ಥಳೀಯ ಸಂಸ್ಥೆಗಳೂ ಇದರಲ್ಲಿಲ್ಲ. ಹಾಗಾಗಿ ಪೀಣ್ಯದ ಮಾಲೀಕರ ಮೊದಲ ಟೆಂಡರಿಗೆ, ಅಂದರೆ ರಾಜ್ಯದ ಅನುದಾನದ್ದಕ್ಕೆ, ಈ ಒಪ್ಪಂದಗಳಿಂದ ಯಾವ ಬದಲಾವಣೆಯೂ ಇಲ್ಲ, ಅದಕ್ಕೆ ಕೆಟಿಪಿಪಿಯ ಲೆಕ್ಕದಲ್ಲೇ ದರ ಹಾಕಿದರು. ಎರಡನೆಯದಕ್ಕೆ ನಾಲ್ಕು ಸಾಲಿನ ಪ್ರಶ್ನೆಯನ್ನು ಪೋರ್ಟಲಿನಲ್ಲೇ ಹಾಕಿದೆವು. ಪ್ರಿ-ಬಿಡ್ ಸಭೆ ಕಳೆದು ಐದನೇ ದಿನ ತಿದ್ದುಪಡಿ ಪ್ರಕಟವಾಯಿತು, ಮಾದರಿ ಸಂಖ್ಯೆಯ ಜಾಗದಲ್ಲಿ ಒತ್ತಡ ಮತ್ತು ಸೋರಿಕೆಯ ಪರೀಕ್ಷಾ ಮಾನದಂಡ ಬಂದಿತ್ತು.