ಚಾರ್ಮಾಡಿಯನ್ನು ಹಗಲಲ್ಲಿ ಇಳಿದ ವರ್ಷ

ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದು ಹೋಗುವುದು ನಮ್ಮ ಬೇಲೂರಿನ ಬೀದಿಯಲ್ಲಿ ಹಳೆಯ ರೂಢಿ. ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ ಹಾದು ಸುಮಾರು 100 ಕಿಲೋಮೀಟರ್. ಮೊದಲ ಸಲ ದೊಡ್ಡ ತಂಡದ ಜೊತೆ ಹೋಗಿ ಘಾಟಿಯನ್ನು ರಾತ್ರಿ ಇಳಿದೆ. ಬಿಸಿಲಿನ ಕಾಟವಿಲ್ಲ ಎಂಬುದು ತಂಡದವರ ಲೆಕ್ಕ. ನಾನು ಕಂಡದ್ದು ಮುಂದಿನವರ ಹಿಮ್ಮಡಿ ಮತ್ತು ಟಾರ್ಚಿನ ಬೆಳಕು, ಅಷ್ಟೇ. ಮರುವರ್ಷ ನಾನೂ ಭಾವನೂ ಇಬ್ಬರೇ ಹೊರಟೆವು, ಹಗಲಲ್ಲಿ ಮಾತ್ರ ನಡೆಯುವುದೆಂದು ಗಟ್ಟಿ ಮಾಡಿಕೊಂಡು.

ಬೆಳಕು ಹರಿದ ಮೇಲೆ ಹೊರಟು ಹನ್ನೊಂದಕ್ಕೆ ನೆರಳು ಸೇರುವುದು, ಮೂರೂವರೆಗೆ ಮತ್ತೆ ಎದ್ದು ಕತ್ತಲಾಗುವ ಮೊದಲು ಮಲಗುವ ಜಾಗ ಹುಡುಕುವುದು. ನಾಲ್ಕು ದಿನಕ್ಕೆ ಸರಿಹೋಯಿತು. ಹೊಸ ಶೂ ಹಾಕಿಕೊಂಡು ಹೋದದ್ದು ನನ್ನ ದಡ್ಡತನ. ಎರಡನೇ ದಿನವೇ ಬೊಬ್ಬೆ ಎದ್ದಿತು. ಭಾವ ಸವೆದ ಚಪ್ಪಲಿಯಲ್ಲಿ ಆರಾಮವಾಗಿದ್ದರು. ರಾತ್ರಿ ಬೆರಳ ಸಂದಿಗೆ ಹರಳೆಣ್ಣೆ ತಿಕ್ಕಿಕೊಂಡು ಹೇಗೋ ದಾಟಿಸಿದೆ.

ಕತ್ತಲಲ್ಲಿ ನಡೆಯದಿರಲು ಇನ್ನೊಂದು ಕಾರಣ ಆನೆ. ಮೂಡಿಗೆರೆಗೆ ಮುಂಚೆ ಒಂದು ತೋಟದ ಬೇಲಿ ಪಕ್ಕ ಬೈನೆ ಮರವೊಂದು ಉರುಳಿ ಬಿದ್ದಿತ್ತು. ಕಾಂಡವನ್ನು ಸೀಳಿ ತಿರುಳು ತಿಂದು ನಾರನ್ನು ಕಬ್ಬಿನ ಸಿಪ್ಪೆಯಂತೆ ಉಗಿದಿತ್ತು. ಮುಟ್ಟಿದರೆ ಇನ್ನೂ ಒದ್ದೆ. ಭಾವ ಲದ್ದಿಯನ್ನು ಕೋಲಿನಿಂದ ಕೆದಕಿ ನೋಡಿ, "ಬೇಗ ಬೇಗ ನಡಿ," ಎಂದರು. ಬೊಬ್ಬೆಯ ನೋವು ಅರ್ಧ ಗಂಟೆ ಮಾಯ.

ಆ ತೋಟ ಕಳೆದರೆ ಕಾಫಿ ಹೂವು. ಮಳೆ ಬಂದಿರಲಿಲ್ಲ, ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಿದ್ದ ತೋಟ ಮಾತ್ರ ಅರಳಿತ್ತು. ನೀರು ಬಿದ್ದ ಎಂಟೊಂಬತ್ತು ದಿನಕ್ಕೆ ರೆಂಬೆಯ ಗಿಣ್ಣುಗಿಣ್ಣಿಗೂ ಬಿಳಿ ಹೂವು ಮುತ್ತಿಕೊಳ್ಳುತ್ತದೆ, ಎರಡು ಮೂರು ದಿನಕ್ಕೆ ಕಂದಿಹೋಗುತ್ತದೆ. ರಸ್ತೆಯ ಆಚೆಯ ತೋಟದಲ್ಲಿ ಬರೀ ಗಟ್ಟಿ ಮೊಗ್ಗು. ಮೇಲೆ ಎಲೆ ಉದುರಿಸಿ ಕೆಂಪು ಹೂ ಬಿಟ್ಟ ಹಾಲುವಾಣ, ಅದರ ತುಂಬ ಮೈನಾಗಳ ಜಗಳ. ಸಿಲ್ವರ್ ಮರಕ್ಕೆ ಏಣಿ ಒರಗಿಸಿ ಮೆಣಸು ಕೊಯ್ಯುತ್ತಿದ್ದವರೊಬ್ಬರು ಮೇಲಿನಿಂದಲೇ, "ನಮ್ಮ ಹೆಸರಲ್ಲೂ ಒಂದು ಕೈ ಮುಗೀರಿ ಸ್ವಾಮಿ," ಎಂದು ಕೂಗಿದರು.

ಬಣಕಲ್ ಹತ್ತಿರ ಹೇಮಾವತಿ ಬಡಕಲಾಗಿತ್ತು. ಇದೇ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟಿ ಗೊರೂರಿನ ಅಣೆಕಟ್ಟು ದಾಟಿ ಕಾವೇರಿ ಸೇರಿ ಪೂರ್ವದ ಕಡಲಿಗೆ ಹೋಗುವ ನದಿ. ಕೊಟ್ಟಿಗೆಹಾರ ಕಳೆದು ಘಾಟಿಗೆ ಇಳಿದರೆ ನೀರೆಲ್ಲ ಪಶ್ಚಿಮಕ್ಕೆ. ಭಾವ ಬಾಯಿ ಮುಕ್ಕಳಿಸಿ ಕಣಿವೆಯ ಕಡೆ ಉಗಿದು, "ಇದು ಮಂಗಳೂರಿಗೆ," ಎಂದರು. ಶಿವರಾತ್ರಿಗೆ ಚಳಿ ಶಿವಶಿವ ಎಂದು ಓಡುತ್ತದೆ ಎನ್ನುತ್ತಾರೆ. ಕೊಟ್ಟಿಗೆಹಾರದ ಚಳಿಗೆ ಆ ಸುದ್ದಿ ಮುಟ್ಟಿರಲಿಲ್ಲ.

ಘಾಟಿಯಲ್ಲಿ ಝರಿಗಳು ಬತ್ತಿ ಬಂಡೆಯ ಮೇಲೆ ಕಪ್ಪು ಗೆರೆಗಳಷ್ಟೇ ಉಳಿದಿದ್ದವು. ಕೆಲವು ಕಡೆ ಮಾತ್ರ ಜರಿಗಿಡದ ತುದಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದ ಜಾಗಗಳಲ್ಲಿ ಕೆಮ್ಮಣ್ಣಿನ ಮೇಲೆ ಹುಲ್ಲು ಹಿಡಿದಿದೆ, ಮರ ಇನ್ನೂ ಇಲ್ಲ. ಕಣಿವೆಯ ಕಾಡು ಅಲ್ಲಲ್ಲಿ ಕೆಂಪಾಗಿತ್ತು. ಹೂವೆಂದುಕೊಂಡೆ, ನೋಡಿದರೆ ಎಳೆ ಚಿಗುರು. ಕೆಳಗಿನ ತಿರುವಿನಲ್ಲಿ ಗಮ್ಮೆಂದು ವಾಸನೆ ಬಂತು. ನೆಲದಲ್ಲಿ ಉದುರಿದ್ದ ಸುರಗಿ ಹೂವನ್ನು ಆರಿಸಿ ಜೇಬಿಗೆ ಹಾಕಿಕೊಂಡೆ.

ಹೇಳಲೇಬೇಕಾದ ಅಸಹ್ಯವೂ ಇದೆ. ದಾರಿಯುದ್ದಕ್ಕೂ ಪಾನಕದ ಪ್ಲಾಸ್ಟಿಕ್ ಲೋಟ, ಚಿಪ್ಸ್ ಪೊಟ್ಟಣ. ಮಂಗಗಳು ಕಾಡು ಬಿಟ್ಟು ತಡೆಗೋಡೆಯ ಮೇಲೆ ಸಾಲಾಗಿ ಕೂತು ಯಾತ್ರಿಕರ ಕೈಯನ್ನೇ ನೋಡುತ್ತವೆ. ದೇವರಿಗೆ ಹರಕೆ, ಕಾಡಿಗೆ ಕಸ! ನಾವು ಒಂದೊಂದು ಸ್ಟೀಲ್ ಲೋಟ ಸೊಂಟಕ್ಕೆ ಕಟ್ಟಿಕೊಂಡಿದ್ದೆವು, ಅದಕ್ಕೆಷ್ಟು ಭಾರ?

ಚಾರ್ಮಾಡಿಯ ಮೃತ್ಯುಂಜಯ ಹೊಳೆ ಮುಂದೆ ನೇತ್ರಾವತಿಗೆ ಸೇರುತ್ತದೆ. ನಾಲ್ಕನೇ ದಿನ ಸಂಜೆ ನೇತ್ರಾವತಿಯ ಸ್ನಾನಘಟ್ಟದಲ್ಲಿ ಕಾಲು ಇಳಿಬಿಟ್ಟಾಗ ಭಾವ, "ನನ್ನ ನೀರು ಬಂತೇನೋ ನೋಡು," ಎಂದರು.

ವಾಪಸು ಬಸ್ಸಿನಲ್ಲಿ ಬಂದೆವು. ಘಾಟಿ ನೋಡಬೇಕೆಂದು ಹಠ ಹಿಡಿದು ಕಿಟಕಿ ಸೀಟು ಹಿಡಿದಿದ್ದೆ. ಕಣ್ಣು ಬಿಟ್ಟಾಗ ಕೊಟ್ಟಿಗೆಹಾರ. ಭಾವ ನೀರುದೋಸೆಗೆ ಹೇಳಿ ಬಂದಿದ್ದರು.